ಕೆಳಗಿಟ್ಟ ಬಟ್ಟಲು

ತಲ್ ಸುವೈರ್
ಮಾರ್ಚ್ 9, 2014

ತಮ್ಮ ಗಾನಿಮ್‌ಗೆ,

ಅಕ್ಕ ನೌಫಾಳ ಸಲಾಂ. ನಮ್ಮೂರಿನ ಫೋನಿನ ಗೋಪುರ ಉರುಳಿ ತಿಂಗಳಾಯಿತು. ಉರುಳಿಸಿದ್ದು ಬಾಗ್ದಾದ್ ಸರ್ಕಾರದ ಫಿರಂಗಿಯೋ, ಕರಿ ಬಾವುಟದವರೋ ಎಂದು ಊರಿನಲ್ಲಿ ಎರಡು ಪಕ್ಷವಾಗಿದೆ. ಸಿಡಿಲು ಯಾವ ಮೋಡದ್ದಾದರೇನು, ಸುಟ್ಟದ್ದು ನಮ್ಮ ಮರ. ಈ ಕಾಗದವನ್ನು ಗಡಿಯಾಚೆಯ ಅಮ್ಮಾನಿಗೆ ಲಾರಿ ಓಡಿಸುವ ಸಫೂಕನ ಕೈಯಲ್ಲಿ ಕೊಡುತ್ತಿದ್ದೇನೆ. ಅಲ್ಲಿಂದ ಅಂಚೆಗೆ ಹಾಕುತ್ತಾನೆ. ನೀನೂ ಅಮ್ಮಾನಿನಲ್ಲಿರುವ ಅವನ ಅಣ್ಣನ ಅಂಗಡಿಯ ವಿಳಾಸಕ್ಕೇ ಬರೆ. ನಿನಗೆಂದು ಒಂದು ಡಬ್ಬಿ ಖರ್ಜೂರದ ಪಾಕ ಕೊಟ್ಟಿದ್ದೇನೆ, ಆದರೆ ಸಫೂಕನ ಹೊಟ್ಟೆ ನಿನಗೆ ಗೊತ್ತಲ್ಲ, ಆಸೆ ಇಟ್ಟುಕೊಳ್ಳಬೇಡ.

ನಾವು ಮೂವರೂ ಬದುಕಿದ್ದೇವೆ. ನಿನ್ನ ಸೋದರಳಿಯ ಬರ್ಜಸ್ ಮೀಸೆ ಬರುತ್ತಿದೆ ಎಂದು ಕನ್ನಡಿಯ ಮುಂದೆ ನಿಲ್ಲುತ್ತಾನೆ. ನನಗೆ ಕಾಣುವುದು ಬೆವರು ಮಾತ್ರ.

ಬರೆಯಬೇಕಾದ ವಿಷಯ ಬೇರೆ ಇದೆ. ನಿನ್ನ ಭಾವ ಕಾಫಿ ಬಿಟ್ಟಿದ್ದಾರೆ. ನಗಬೇಡ. ಬೆಳಗಾದರೆ ಈಗಲೂ ಅವರೇ ಬೀಜ ಹುರಿದು ಕುಟ್ಟುತ್ತಾರೆ, ಕುಟ್ಟಾಣಿಯ ಸದ್ದಿಗೆ ಬೀದಿಯ ಗಂಡಸರೆಲ್ಲ ಎಂದಿನಂತೆ ಚಾವಡಿಗೆ ಬರುತ್ತಾರೆ. ಎಲ್ಲರಿಗೂ ಸುರಿದುಕೊಟ್ಟು ತಮ್ಮ ಬಟ್ಟಲನ್ನು ಮಾತ್ರ ಚಾಪೆಯ ಮೇಲೆ ಇಡುತ್ತಾರೆ. ಅದು ಆರಿ ತಣ್ಣಗಾಗುತ್ತದೆ. ಮರುದಿನ ಮತ್ತೆ ಅದೇ.

ಕಾಗದದ ಲೋಟ ಹಿಡಿದು ಬೀದಿಯಲ್ಲಿ ನಡೆಯುತ್ತಾ ಕಾಫಿ ಕುಡಿಯುವ ದೇಶದಲ್ಲಿ ನೀನಿದ್ದೀಯ, ಮರೆತಿದ್ದರೂ ಮರೆತಿರಬಹುದು. ನಮ್ಮಲ್ಲಿ ಬಂದ ಅತಿಥಿ ಬಟ್ಟಲನ್ನು ಕುಡಿಯದೆ ಕೆಳಗಿಟ್ಟರೆ ಅವನಿಗೆ ಏನೋ ಬೇಕಾಗಿದೆ ಎಂದರ್ಥ. ಮನೆಯ ಯಜಮಾನ ಕೇಳಿದ್ದನ್ನು ಕೊಟ್ಟು ‘ಕುಡಿ’ ಎನ್ನುವವರೆಗೆ ಅವನು ಮುಟ್ಟುವುದಿಲ್ಲ. ಅವನು ಕುಡಿಯದೆ ಎದ್ದು ಹೋದರೆ ಆ ಮನೆಗೆ ಏಳು ತಲೆಮಾರಿನ ಅವಮಾನ.

ಆ ಚುಕ್ಕೆ ಮುಖದ ಕ್ಯಾಪ್ಟನ್ ಟೋಲ್ಮನ್ ನಮ್ಮ ಚಾವಡಿಯಲ್ಲಿ ಹಾಗೆ ಬಟ್ಟಲು ಕೆಳಗಿಟ್ಟು ಏಳು ವರ್ಷವಾಯಿತು. ಪಕ್ಕದಲ್ಲಿ ಕೂತು ಅವನ ಇಂಗ್ಲಿಷನ್ನು ನಮ್ಮ ಮಾತಿಗೆ ದಾಟಿಸಿದವನು ನೀನು. ನಾನು ಪರದೆಯ ಹಿಂದೆ ಇದ್ದೆ. ‘ಕರಿ ಬಾವುಟದವರು ದಾಟದ ಹಾಗೆ ನಿನ್ನ ಗಂಡಸರು ನಮ್ಮ ಜೊತೆ ಸೇತುವೆ ಕಾಯಲಿ’ ಎಂದು ಕೇಳಿದ. ಭಾವನ ತಮ್ಮ ಸಊದ್ ಅದೇ ಅಮೆರಿಕದವರ ತಪಾಸಣೆ ಗೇಟಿನಲ್ಲಿ ಗುಂಡು ತಿಂದು ಸತ್ತು ಆಗ ಮೂರು ವರ್ಷವೂ ಆಗಿರಲಿಲ್ಲ. ಕಾಫಿಯ ಹಬೆ ನಿಲ್ಲುವವರೆಗೂ ಭಾವ ಆ ಬಟ್ಟಲನ್ನೇ ನೋಡುತ್ತಿದ್ದರು. ಆಮೇಲೆ ಒಡಹುಟ್ಟಿದವನ ರಕ್ತವನ್ನು ಬದಿಗಿಟ್ಟು ‘ಕುಡಿ’ ಅಂದರು. ಅವನು ಕುಡಿದು, ಎದೆಯ ಮೇಲೆ ಕೈಯಿಟ್ಟು, ‘ನಿನಗೆ ಕಷ್ಟ ಬಂದ ದಿನ ಕರೆ, ಬರ್ತೀನಿ’ ಅಂದ. ಇವರು ‘ನೀನು ಬಂದು ಸಾಕು ಅನ್ನೋವರೆಗೂ ಈ ಸೇತುವೆ ಬಿಡಲ್ಲ’ ಅಂದರು.

ಅಮೆರಿಕದವರು ‘ಸಾಕು’ ಅನ್ನದೆಯೇ ಗಂಟು ಕಟ್ಟಿಕೊಂಡು ಹೋದರು. ನಿನಗೂ ವೀಸಾ ಸಿಕ್ಕಿತು, ಹೋದೆ, ಒಳ್ಳೆಯದಾಯಿತು. ಇಲ್ಲಿ ಬಾಗ್ದಾದಿನವರು ನಮ್ಮನ್ನು ಅಮೆರಿಕದ ನಾಯಿಗಳು ಅಂದರು. ಕರಿ ಬಾವುಟದವರು ಫಲ್ಲೂಜಾ ಹಿಡಿದು ನದಿಯಗುಂಟ ಮೇಲೆ ಬರುತ್ತಿದ್ದಾರೆ. ಸೇತುವೆ ಕಾದವರ ಮನೆಗಳು ಯಾವುವೆಂದು ಅವರಿಗೆ ಯಾರೂ ತೋರಿಸಬೇಕಾಗಿಲ್ಲ.

“ಅಮ್ಮಾನಿಗೆ ಹೋಗೋಣ” ಎಂದು ನಿನ್ನ ಭಾವನಿಗೆ ಅಂದೆ.

“ಕರೆದಿದೀನಲ್ಲ. ಬಟ್ಟಲು ಇಟ್ಟಿದೀನಿ.”

“ಯಾರ ಮುಂದೆ ಇಟ್ಟಿದೀರಿ, ಚಾಪೆ ಮುಂದೇನಾ? ಅವನು ಸಮುದ್ರದ ಆಚೆ ಇದಾನೆ!”

“ನಿನ್ನ ತಮ್ಮನೂ ಅಲ್ಲೇ ಇದಾನಲ್ಲ. ಹೇಳ್ತಾನೆ ಬಿಡು.”

ಹಾಗಾಗಿ ಬರೆಯುತ್ತಿದ್ದೇನೆ. ಆ ಕ್ಯಾಪ್ಟನ್ನನ್ನು ಹುಡುಕು. ಬರುವುದಾದರೆ ಬರಲಿ. ಇಲ್ಲವಾದರೆ ‘ಸಾಕು’ ಎಂಬ ಒಂದು ಮಾತು ಕಳಿಸಲಿ. ಅದು ಬರುವವರೆಗೆ ಈ ಮನುಷ್ಯ ಇಲ್ಲಿಂದ ಏಳುವುದಿಲ್ಲ, ಇವರನ್ನು ಬಿಟ್ಟು ನಾನು ಏಳುವುದಿಲ್ಲ.

ನಿನ್ನ ಅಕ್ಕ,
ನೌಫಾ


ಟೊಲೀಡೊ, ಒಹಾಯೊ
ಏಪ್ರಿಲ್ 11, 2014

ಪ್ರೀತಿಯ ಅಕ್ಕನಿಗೆ,

ಖರ್ಜೂರದ ಪಾಕ ಬರಲಿಲ್ಲ. ಕಾಗದಕ್ಕೆ ಮಾತ್ರ ಅದರ ಅಂಟು ಇತ್ತು. ಮೂಸಿ ನೋಡಿದೆ. ಟೈರಿನ ಗೋದಾಮಿನಲ್ಲಿ ದಿನವಿಡೀ ದುಡಿಯುವವನ ಮೂಗಿಗೆ ಅಷ್ಟಾದರೂ ಸಿಕ್ಕಿತು.

ಕ್ಯಾಪ್ಟನ್ ಬಗ್ಗೆ ಸೇನೆಯ ಕಚೇರಿಗಳಿಗೆ ಫೋನ್ ಮಾಡಿದೆ. ಒಬ್ಬಳು ಇನ್ನೊಬ್ಬನಿಗೆ ಕೊಟ್ಟಳು, ಅವನು ಒಂದು ಹಾಡು ಹಾಕಿ ಕಾಯಿಸಿದ, ಹಾಡು ಮುಗಿದ ಮೇಲೆ ಮೊದಲಿನವಳೇ ಬಂದಳು. ನಿವೃತ್ತರಾದವರ ವಿಳಾಸ ಕೊಡುವುದಿಲ್ಲವಂತೆ. “ನಾನು ಅವರ ಜೊತೆ ಕೆಲಸ ಮಾಡಿದವನು” ಅಂದೆ. “ನಿಮ್ಮ ಸೇವೆಗೆ ಧನ್ಯವಾದ” ಅಂದಳು. ಇಲ್ಲಿ ಬಾಗಿಲು ಮುಚ್ಚುವಾಗ ಅವರು ಹೇಳುವ ಮಾತು ಅದು.

ಗೋದಾಮಿನಲ್ಲಿ ಜೊತೆಗಾರರು ಒಳ್ಳೆಯವರು. “ನಿಮ್ಮ ಕಡೆ ಮತ್ತೆ ಶುರುವಾಯ್ತಂತಲ್ಲ, ಈಗ ನಾವು ಯಾರ ಪರ?” ಎಂದು ಕೇಳುತ್ತಾರೆ. ಚೆಂಡಾಟದ ತಂಡ ಬದಲಿಸಿದವರಂತೆ ಕೇಳುತ್ತಾರೆ. ನನಗೂ ಗೊತ್ತಿಲ್ಲ ಅನ್ನುತ್ತೇನೆ. ಅವರಿಗೆ ಅದು ತಮಾಷೆಯಾಗಿ ಕೇಳುತ್ತದೆ.

ಅಕ್ಕ, ಸಿಟ್ಟಾಗಬೇಡ. ಅವನನ್ನು ಹುಡುಕುತ್ತೇನೆ, ಆದರೆ ಅದನ್ನು ಕಾಯುತ್ತಾ ಕೂರಬೇಡಿ. ಸಫೂಕನ ಅಣ್ಣನ ಅಂಗಡಿಯ ಮೇಲಿನ ಕೋಣೆಯನ್ನು ನಿಮಗಾಗಿ ಮಾತಾಡಿದ್ದೇನೆ, ಬಾಡಿಗೆ ನನ್ನದು. ಭಾವನಿಗೆ ಹೇಳು, ಈ ದೇಶದಲ್ಲಿ ಯಾರಾದರೂ ಬಟ್ಟಲು ಕೆಳಗಿಟ್ಟರೆ ಕೆಲಸದ ಹುಡುಗಿ ಬಂದು ಎತ್ತಿಕೊಂಡು ಹೋಗಿ ತೊಳೆದಿಡುತ್ತಾಳೆ. ಅದರಾಚೆಗೆ ಅದಕ್ಕೆ ಅರ್ಥವಿಲ್ಲ.

ನಿನ್ನ ತಮ್ಮ,
ಗಾನಿಮ್


ತಲ್ ಸುವೈರ್
ಜೂನ್ 28, 2014

ಗಾನಿಮ್,

ನಿನ್ನ ಕಾಗದವನ್ನು ಭಾವನಿಗೆ ಓದಿದೆ. ಕೆಲಸದ ಹುಡುಗಿಯ ಮಾತು ಬಂದಾಗ ನಿಲ್ಲಿಸಿ, ಅದನ್ನು ಬಿಟ್ಟು ಮುಂದಕ್ಕೆ ಓದಿದೆ. ನನಗೂ ಒಂದಿಷ್ಟು ಬುದ್ಧಿ ಇದೆ.

ಮೊಸುಲ್ ಬಿತ್ತು. ಗಡಿಯೂ ಹೋಯಿತು. ಸಫೂಕ್ ಈಗ ಕರಿ ಬಾವುಟದವರಿಗೊಂದು ಸುಂಕ, ಸರ್ಕಾರದವರಿಗೊಂದು ಸುಂಕ ಕೊಟ್ಟು ಬರುತ್ತಾನೆ. ಇಬ್ಬರೂ ರಶೀದಿ ಕೊಡುತ್ತಾರಂತೆ. “ಕರಿ ಬಾವುಟದೋರ ರಶೀದಿನೇ ಚೆನ್ನಾಗಿ ಅಚ್ಚಾಗಿದೆ ನೌಫಕ್ಕಾ” ಎಂದು ಹಲ್ಲು ಕಿರಿದ. ಅವನ ಹಲ್ಲಿನ ಹಿಂದೆ ಇದ್ದ ಭಯ ನನಗೆ ಕಂಡಿತು.

ಕ್ಷೌರದ ಸಬ್ರಿ ನಿನಗೆ ನೆನಪಿದ್ದಾನೆ. ಸೇತುವೆಯ ಮೇಲೆ ಬಂದೂಕನ್ನು ಗಲ್ಲಕ್ಕೆ ಆನಿಸಿಕೊಂಡೇ ನಿದ್ದೆ ಮಾಡುತ್ತಿದ್ದವನು. ಔಷಧಿಗೆಂದು ನದಿಯ ಮೇಲ್ಗಡೆಯ ಊರಿಗೆ ಹೋದ. ಐದನೆಯ ದಿನ ಅವನ ಹೆಣ ತೇಲಿ ಬಂದು ನಮ್ಮ ನೀರೆತ್ತುವ ಚಕ್ರಕ್ಕೆ ಸಿಕ್ಕಿಕೊಂಡಿತು. ಮೇಲೆತ್ತಿದವರು ನಿನ್ನ ಭಾವ. ಮನೆಗೆ ಬಂದು ಕೈ ತೊಳೆದು, ಕಾಫಿ ಕುಟ್ಟಿ, ಎಲ್ಲರಿಗೂ ಕೊಟ್ಟರು. ತಮ್ಮದನ್ನು ಕೆಳಗಿಟ್ಟರು.

ಚಾವಡಿಯಲ್ಲಿ ದೊಡ್ಡಪ್ಪ ಫರ್ಹಾನ್ ಅಂದೇ ಬಿಟ್ಟರು. “ದಹಾಮ್, ನೆಚ್ಚಿದ ಎಮ್ಮೆ ಕೋಣ ಈಯ್ತು ಕಣಯ್ಯಾ. ಆ ಚುಕ್ಕೆ ಮುಖದವನು ಬರಲ್ಲ. ಅವನಿಗೆ ಅವತ್ತು ನೀನು ಬೇಕಿತ್ತು, ಇವತ್ತು ಬೇಡ. ಅವರು ಹೀಗೇ, ಸಂತೆ ಮುಗಿದ ಮೇಲೆ ಗುರುತು ಹಿಡಿಯಲ್ಲ.”

“ಅವನ ವಿಷಯ ಅವನಿಗೆ ಬಿಡಿ ದೊಡ್ಡಪ್ಪಾ. ಮಾತು ಕೊಟ್ಟಿದ್ದು ನಾನೂ ಅಲ್ವಾ?”

“ನಿನ್ನ ಮಾತಿಗೆ ನಿನ್ನ ಹೆಂಡ್ತಿ ಮಗ ಯಾಕೆ ಸಾಯ್ಬೇಕು?”

ನಿನ್ನ ಭಾವ ಖಾಲಿ ಬಟ್ಟಲುಗಳನ್ನು ಒಟ್ಟು ಮಾಡತೊಡಗಿದರು. ಮೂಲೆಯಲ್ಲಿ ಕೂತಿದ್ದ ಬರ್ಜಸ್ ಅಪ್ಪನನ್ನೇ ನೋಡುತ್ತಿದ್ದ. ಆ ನೋಟ ನನಗೆ ಹಿಡಿಸಲಿಲ್ಲ. ಅದರಲ್ಲಿ ಹೆಮ್ಮೆ ಇತ್ತು.

ಈಗ ನಾನು ಕೇಳುವುದನ್ನು ಸರಿಯಾಗಿ ಓದು. ಕ್ಯಾಪ್ಟನ್ ಸಿಗದಿದ್ದರೆ ಬಿಡು. ಅವನು ಹೇಳಿದ ಹಾಗೆ ನೀನೇ ಬರೆ. ‘ದಹಾಮ್, ಸಾಕು, ಹೊರಡು’ ಎಂದು ಬರೆ. ಅವನ ಮಾತನ್ನು ದಾಟಿಸಿದ ನಾಲಗೆ ನಿನ್ನದು, ಇನ್ನೊಂದು ಸಲ ದಾಟಿಸಿದೆ ಅಂದುಕೋ. ಸುಳ್ಳಿನ ಪಾಪ ನನ್ನ ತಲೆಯ ಮೇಲಿರಲಿ. ನಾಳೆ ದೇವರು ಕೇಳಿದರೆ ನಾನು ಉತ್ತರ ಹೇಳುತ್ತೇನೆ, ಅವನಿಗೂ ನಾನು ಕೇಳುವುದು ಬಹಳ ಇದೆ.

ತಡ ಮಾಡಬೇಡ.

ನೌಫಾ


ಟೊಲೀಡೊ
ಆಗಸ್ಟ್ 30, 2014

ಅಕ್ಕನಿಗೆ,

ಇದನ್ನು ನೀನೊಬ್ಬಳೇ ಓದು. ಓದಿ ಒಲೆಗೆ ಹಾಕು. ಲಕೋಟೆಯಲ್ಲಿ ಇನ್ನೊಂದು ಕಾಗದವಿದೆ, ಅದನ್ನು ಭಾವನಿಗೆ ಕೊಡು.

ಸುಳ್ಳು ಬರೆಯಲಾರೆ ಎಂದು ಎಷ್ಟೋ ದಿನ ಹಟ ಮಾಡಿದೆ. ನನ್ನ ಬದುಕಿನಲ್ಲಿ ನೆಟ್ಟಗಿರುವುದು ಒಂದೇ. ಇನ್ನೊಬ್ಬರ ಮಾತನ್ನು ಹೆಚ್ಚಿಸದೆ ಕುಗ್ಗಿಸದೆ ದಾಟಿಸಿದ್ದೇನೆ. ಅದನ್ನೂ ಕಳೆದುಕೊಳ್ಳಲು ಮನಸ್ಸು ಬರಲಿಲ್ಲ. ಹುಡುಕಿದೆ, ಅಕ್ಕ. ಹಳೆಯ ಸೈನಿಕನೊಬ್ಬನ ಮೂಲಕ ಟೋಲ್ಮನ್ ಸಿಕ್ಕಿದ. ಟೆನೆಸ್ಸೀ ಎಂಬ ಕಡೆ ಮನೆ ಮಾರಾಟದ ದಲ್ಲಾಳಿಯಾಗಿದ್ದಾನೆ. ರಜೆ ಹಾಕಿ ಬಸ್ಸು ಹತ್ತಿದೆ.

ಅಂಗಳದಲ್ಲಿ ಹುಲ್ಲು ಕತ್ತರಿಸುತ್ತಿದ್ದ. ಹೊಟ್ಟೆ ಬಂದಿದೆ. ಚುಕ್ಕೆಗಳು ಹಾಗೆಯೇ ಇವೆ. ನನ್ನನ್ನು ನೋಡಿ ಯಂತ್ರ ಆರಿಸುವುದನ್ನೂ ಮರೆತು ಓಡಿಬಂದು ತಬ್ಬಿಕೊಂಡ. ಒಳಗೆ ಗೋಡೆಯ ಮೇಲೆ ನಮ್ಮ ಚಾವಡಿಯ ಫೋಟೊ ಇತ್ತು, ಭಾವ ಅದರಲ್ಲಿ ನಗುತ್ತಿದ್ದಾರೆ. ಅವನ ಹೆಂಡತಿ ದೊಡ್ಡ ಲೋಟದಲ್ಲಿ ಕಾಫಿ ತಂದಿಟ್ಟಳು. ನಾನು ಅದನ್ನು ಕೈಗೆತ್ತಿಕೊಂಡು, ಕುಡಿಯದೆ, ಅವನ ಮುಂದೆ ಮೇಜಿನ ಮೇಲಿಟ್ಟೆ.

ಅವನಿಗೆ ಅರ್ಥವಾಯಿತು. ಕ್ಷಣದಲ್ಲಿ ಅರ್ಥವಾಯಿತು.

“ದಹಾಮ್ ಇನ್ನೂ ಅಲ್ಲೇ ಇದಾನಾ?” ಅಂದ.

“ನೀನು ಸಾಕು ಅನ್ನಲಿಲ್ಲವಲ್ಲ.”

ಹೆಂಡತಿ ಮಕ್ಕಳ ಎದುರಿಗೇ ಅತ್ತ. ಮೂರು ತಿಂಗಳಿಂದ ತನ್ನ ಹಳೆಯ ಕರ್ನಲ್‌ಗೆ, ಪಾರ್ಲಿಮೆಂಟಿನವರಿಗೆ, ಪತ್ರಿಕೆಯವರಿಗೆ ಫೋನ್ ಮಾಡುತ್ತಲೇ ಇದ್ದಾನಂತೆ. ಎಲ್ಲರೂ ಬರೆದುಕೊಳ್ಳುತ್ತಾರಂತೆ. “ಈಗ ನಮ್ಮೋರು ಬಾಗ್ದಾದಿನ ಜೊತೆ ಮಾತ್ರ ಮಾತಾಡ್ತಾರೆ, ಬುಡಕಟ್ಟಿನೋರ ಜೊತೆ ನೇರ ಮಾತಿಲ್ಲ ಅಂತಾರೆ. ಹೋದ ಸಲ ಬಾಗ್ದಾದನ್ನ ಬಿಟ್ಟು ಬುಡಕಟ್ಟಿನೋರ ಹತ್ರ ಹೋಗಿ ಅಂತ ನನ್ನ ಕಳಿಸಿದ್ದೂ ಇವರೇ” ಅಂದ. ಆಮೇಲೆ ಲೋಟವನ್ನು ಎರಡೂ ಕೈಯಲ್ಲಿ ಎತ್ತಿ ನನಗೆ ಕೊಟ್ಟು ಹೇಳಿದ. “ಕುಡಿ, ಗಾನಿಮ್. ಅವನಿಗೆ ಹೇಳು, ಕಾಯ್ತಾ ಇರಲಿ. ನಾನು ಬರ್ತೀನಿ. ಹೇಗಾದರೂ ಮಾಡಿ ಬರ್ತೀನಿ.”

ಕುಡಿದೆ, ಅಕ್ಕ. ಬೇರೇನು ಮಾಡಲಿ? ಅವನು ಸುಳ್ಳು ಹೇಳುತ್ತಿರಲಿಲ್ಲ. ಅಂದೂ ಹೇಳಿರಲಿಲ್ಲ. ಮಾತು ಕೊಡುವುದು ಅವನ ಕೈಯಲ್ಲಿದೆ, ನಡೆಸುವುದು ಬೇರೆ ಯಾರದೋ ಕೈಯಲ್ಲಿದೆ, ಆ ಯಾರೋ ನಾಲ್ಕು ವರ್ಷಕ್ಕೊಮ್ಮೆ ಬದಲಾಗುತ್ತಾರೆ. ನಮ್ಮ ಚಾವಡಿಯಲ್ಲಿ ಕೂತವರಿಗೆ ಇದು ಹೇಗೆ ತಿಳಿಯಬೇಕಿತ್ತು? ನಮ್ಮಲ್ಲಿ ಮಾತು ಕೊಟ್ಟವನೇ ಅದರ ಯಜಮಾನ.

ಬಸ್ಸಿನಲ್ಲಿ ಬರುವಾಗ ಯೋಚಿಸಿದೆ. ‘ಬರ್ತೀನಿ, ಕಾಯ್ತಾ ಇರಲಿ’ ಎಂಬ ನಿಜವನ್ನು ದಾಟಿಸಿದರೆ ಭಾವ ಕಾಯುತ್ತಾರೆ, ಕಾದು ಸಾಯುತ್ತಾರೆ. ಮೊದಲ ಸಲ ಒಬ್ಬರ ಮಾತನ್ನು ಬದಲಿಸಿದ್ದೇನೆ. ಭಾವನ ಕಾಗದವನ್ನು ಕೊಟ್ಟು ಅವರು ಬಟ್ಟಲು ಎತ್ತುವವರೆಗೆ ಎದುರಿಗೇ ನಿಲ್ಲು.

ಗಾನಿಮ್


ಆಗಸ್ಟ್ 30, 2014

ಮಾನ್ಯ ದಹಾಮ್ ಭಾವನವರಿಗೆ,

ಕ್ಯಾಪ್ಟನ್ ಟೋಲ್ಮನ್ ಅವರನ್ನು ಕಂಡೆ. ತಾವು ಕೇಳಿದ್ದನ್ನು ಅವರ ಮುಂದಿಟ್ಟೆ. ಅವರು ಹೇಳಿದ್ದನ್ನು ಹೇಳಿದಂತೆಯೇ ಕೆಳಗೆ ಬರೆದಿದ್ದೇನೆ.

‘ಸಹೋದರ ದಹಾಮ್, ನಾನು ಬರಲಾಗುವುದಿಲ್ಲ. ನೀನು ನಿನ್ನ ಮಾತು ನಡೆಸಿದೆ, ನಾನು ನಡೆಸಲಿಲ್ಲ. ನಿನ್ನ ತಮ್ಮ ಸಊದನ ವಿಷಯಕ್ಕೂ ನಿನ್ನ ಕ್ಷಮೆ ಕೇಳುತ್ತೇನೆ. ಸೇತುವೆ ಕಾದದ್ದು ಸಾಕು. ಇಂದೇ ಹೊರಡು. ಇದು ನನ್ನ ಕೊನೆಯ ಬೇಡಿಕೆ.’

ತಮ್ಮ ಮೈದುನ,
ಗಾನಿಮ್


ತಲ್ ಸುವೈರ್
ಅಕ್ಟೋಬರ್ 3, 2014

ಮೈದುನ ಗಾನಿಮ್‌ಗೆ, ದಹಾಮ್ ಮಾಡುವ ಸಲಾಂ.

ಬರೆದು ಅಭ್ಯಾಸವಿಲ್ಲ, ತಪ್ಪಿದ್ದರೆ ತಿದ್ದಿಕೋ. ನಿನ್ನ ಕಾಗದ ತಲುಪಿತು. ನಿನ್ನಕ್ಕ ಎದುರಿಗೇ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಪೊಲೀಸಿನವರು ಹಾಗೆ ನಿಲ್ಲುತ್ತಾರೆ.

ಓದಿ ನಕ್ಕೆ. ಬಹಳ ದಿನದ ಮೇಲೆ ನಕ್ಕೆ. ಅದು ಅವನ ಮಾತಲ್ಲ, ಗಾನಿಮ್. ನಾಲ್ಕು ವರ್ಷ ಒಂದೇ ತಟ್ಟೆಯಲ್ಲಿ ಉಂಡವನನ್ನು ನಾನು ಬಲ್ಲೆ. ಅವನು ಯಾವಾಗಲೂ ‘ಬರ್ತೀನಿ’ ಎನ್ನುವವನು. ಗಾಡಿಯ ಚಕ್ರ ಹೂತು ಮೂರು ದಿನ ಮರುಭೂಮಿಯಲ್ಲಿದ್ದಾಗಲೂ ರೇಡಿಯೋದಲ್ಲಿ ‘ಇಗೋ ಬಂದೆ’ ಅಂದವನು. ಹೋಗು ಎನ್ನುವುದು ಅವನ ಬಾಯಲ್ಲಿ ಬರುವುದಿಲ್ಲ. ಹೋಗು ಅನ್ನುವುದಕ್ಕೆ ಧೈರ್ಯ ಬೇಕು. ಅದು ಅವನಿಗಿಲ್ಲ, ನಿನಗಿದೆ.

ಆ ಕಾಗದದಲ್ಲಿ ಬಟ್ಟಲು ಕೆಳಗಿಟ್ಟವನು ನೀನು. ಬಾಮೈದುನ ಬಟ್ಟಲು ಇಟ್ಟ ಮೇಲೆ ಇಲ್ಲ ಅನ್ನಲಾದೀತೆ? ಅರ್ಧ ಕೊಡುತ್ತೇನೆ. ನಾಳೆ ಬೆಳಿಗ್ಗೆ ನೌಫಾ, ಬರ್ಜಸ್, ಊರಿನ ಹೆಂಗಸರು ಮಕ್ಕಳು ದೋಣಿಯಲ್ಲಿ ಆಚೆ ದಡಕ್ಕೆ ದಾಟುತ್ತಾರೆ. ಕರಿ ಬಾವುಟದವರು ಮೇಲಿನ ತೋಟದವರೆಗೆ ಬಂದಿದ್ದಾರೆ, ಸೇತುವೆ ಅವರ ಗುಂಡಿಗೆ ಎಟುಕುತ್ತದೆ. ಅವರು ನದಿಗೆ ಇಳಿಯಬೇಕಾದರೆ ಸೇತುವೆಯ ಬಳಿಯ ಪಂಪ್‌ಹೌಸನ್ನು ದಾಟಬೇಕು. ದೋಣಿಗಳು ಮುಟ್ಟುವವರೆಗೆ ಅಲ್ಲಿ ಯಾರಾದರೂ ಇರಲೇಬೇಕು. ಅಲ್ಲಿ ಕೂತು ಅಭ್ಯಾಸವಾದವರು ನಾವು ಕೆಲವರಿದ್ದೇವೆ.

ಕ್ಯಾಪ್ಟನ್ ಮೇಲೆ ನನಗೆ ಸಿಟ್ಟಿಲ್ಲ. ಸಿಕ್ಕಿದರೆ ಹಾಗೆ ಹೇಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸೇತುವೆಯನ್ನು ಅವನಿಗಾಗಿ ಕಾಯುತ್ತಿದ್ದೇನೆ ಎಂದು ಊರೆಲ್ಲ ತಿಳಿದಿತ್ತು, ನಾನೂ ತಿಳಿದಿದ್ದೆ. ಈಗ ನೋಡಿದರೆ ಸೇತುವೆಯ ಈಚೆ ನನ್ನ ಮನೆಯೇ ಇದೆ.

ಬರ್ಜಸ್ ಜೊತೆಗೆ ಇರುತ್ತೇನೆಂದು ಅತ್ತ. ಕೆನ್ನೆಗೆ ಒಂದು ಕೊಟ್ಟೆ. ಅವನಿಗೆ ಬಂದೂಕು ಹಿಡಿಸಬೇಡಿ.

ಇವತ್ತು ಕಾಫಿ ಕುಡಿದೆ.

ದಹಾಮ್


ಟೊಲೀಡೊ
ನವೆಂಬರ್ 16, 2014

ಅಕ್ಕ,

ಇದು ಅಮ್ಮಾನಿನ ಅಂಗಡಿಗೆ ನಾನು ಬರೆಯುತ್ತಿರುವ ಮೂರನೆಯ ಕಾಗದ. ಮೊದಲಿನವು ನಿನಗೆ ಸಿಕ್ಕವೋ ಇಲ್ಲವೋ. ಸಫೂಕ್ ಕೂಡ ಎಲ್ಲಿದ್ದಾನೆಂದು ಅವನ ಅಣ್ಣನಿಗೆ ತಿಳಿಯದು.

ಕರಿ ಬಾವುಟದವರು ಹಿಡಿದ ಊರುಗಳೆಂದು ಟಿ.ವಿ.ಯಲ್ಲಿ ಓದುವಾಗ ನಮ್ಮೂರಿನ ಹೆಸರು ಬಂತು. ಓದಿದವಳು ಅದನ್ನು ತಪ್ಪಾಗಿ ಉಚ್ಚರಿಸಿದಳು, ಮೊದಲು ಬೇರೆ ಯಾವುದೋ ಊರು ಅಂದುಕೊಂಡೆ. ಆಮೇಲೆ ನಕಾಶೆಯಲ್ಲಿ ನದಿಯ ತಿರುವು ತೋರಿಸಿದರು. ಮರುಕ್ಷಣವೇ ಚೆಂಡಾಟ ಶುರುವಾಯಿತು.

ಭಾವನ ಕಾಗದವನ್ನು ನಕಲು ಮಾಡಿ ಇದರ ಜೊತೆ ಇಟ್ಟಿದ್ದೇನೆ. ಅದು ನಿನ್ನ ಬಳಿ ಇರಬೇಕಾದ ಕಾಗದ. ಟೋಲ್ಮನ್ ದಿನಾ ಫೋನ್ ಮಾಡುತ್ತಾನೆ. ನಾನು ಎತ್ತುವುದಿಲ್ಲ. ಏನೆಂದು ಹೇಳಲಿ?

ಒಂದು ಸಾಲು ಬರೆ. ಬೈದಾದರೂ ಬರೆ.

ಗಾನಿಮ್


ಡೇರೆ ಊರು, ಬಾಗ್ದಾದ್ ಹೊರವಲಯ
ಫೆಬ್ರವರಿ 2, 2015

ತಮ್ಮ,

ಬರ್ಜಸ್ ಮತ್ತು ನಾನು ಬದುಕಿದ್ದೇವೆ. ನಿನ್ನ ಭಾವ ದಾಟಿ ಬರಲಿಲ್ಲ.

ಆಚೆ ದಡದಲ್ಲಿ ಜೊಂಡಿನೊಳಗೆ ಕೂತಿದ್ದೆವು. ಪಂಪ್‌ಹೌಸಿನ ಕಡೆಯಿಂದ ಗುಂಡಿನ ಸದ್ದು ಬರುತ್ತಿತ್ತು. ಸದ್ದು ಬರುತ್ತಿರುವಷ್ಟು ಹೊತ್ತು ಹೆಂಗಸರೆಲ್ಲ ದೇವರ ಹೆಸರು ಹೇಳುತ್ತಿದ್ದರು. ಬಿಸಿಲು ಏರುವ ಹೊತ್ತಿಗೆ ಅದು ನಿಂತಿತು. ನನ್ನ ಮಗ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದನೆಂದರೆ ಉಂಗುರ ಬೆರಳಿಗೆ ಕಚ್ಚಿತು.

ಕೆಲವು ವಾರದ ಮೇಲೆ ಅಮೆರಿಕದ ವಿಮಾನಗಳು ಬಂದವಂತೆ. ಕರಿ ಬಾವುಟದವರು ದಾಟಬಾರದೆಂದು ನಮ್ಮ ಸೇತುವೆಯನ್ನು ಒಡೆದು ಹೋದವಂತೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು. ನಿನ್ನ ಟೋಲ್ಮನ್‌ಗೆ ಹೇಳು, ಕೊನೆಗೂ ಬಂದರು ಎಂದು. ಬೇಡ, ಹೇಳಬೇಡ. ಭಾವ ಹೇಳಿದ್ದನ್ನು ಹೇಳು. ನನಗೆ ಅವರಷ್ಟು ದೊಡ್ಡ ಮನಸ್ಸಿಲ್ಲ.

ಅವರ ಕಾಗದದ ನಕಲು ಅಮ್ಮಾನಿನ ಅಂಗಡಿಯಿಂದ ಕೈಯಿಂದ ಕೈಗೆ ದಾಟಿ ಬಂದು ಸಿಕ್ಕಿತು. ರವಿಕೆಯೊಳಗೆ ಇಟ್ಟುಕೊಂಡಿದ್ದೇನೆ. ಇನ್ನು ಬರೆಯಲು ಆಗುವುದಿಲ್ಲ, ಬಹಳ ದಿನ ಕಾಗದ ಬರದಿದ್ದರೆ ಹೆದರಬೇಡ.

ನೌಫಾ


ತಲ್ ಸುವೈರ್
ಅಕ್ಟೋಬರ್ 29, 2019

ಗಾನಿಮ್,

ಫೋನ್ ಇದೆ, ಮುಖವೂ ಕಾಣುತ್ತದೆ, ಆದರೂ ಕಾಗದವೇಕೆ ಎಂದು ಕೇಳುತ್ತೀಯ. ಫೋನಿನಲ್ಲಿ ನೀನು ಅಳುತ್ತೀಯ, ನಿನ್ನನ್ನು ನೋಡಿ ನಾನು ಅಳುತ್ತೇನೆ, ಹೇಳಬೇಕಾದ್ದು ಹಾಗೇ ಉಳಿಯುತ್ತದೆ. ಬರ್ಜಸ್ ಕೂಡ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಾನೆ.

ಹಿಂದಿರುಗಿ ಬಂದು ಎರಡು ವರ್ಷ ದಾಟಿತಲ್ಲ. ಚಾವಡಿಗೆ ತಗಡು ಹೊದಿಸಿದ್ದೇವೆ. ಕುಟ್ಟಾಣಿ ಗೋಡೆಯ ಕೆಳಗೆ ಸಿಕ್ಕಿತು, ಬಾಯಿಯ ಅಂಚು ಒಡೆದಿದೆ. ದೊಡ್ಡಪ್ಪ ಫರ್ಹಾನ್‌ಗೆ ಈಗ ಕಣ್ಣು ಕಾಣುವುದಿಲ್ಲ, ಬಾಯಿ ಮಾತ್ರ ಮೊದಲಿನ ಹಾಗೇ ಇದೆ. ಚಾವಡಿಯಲ್ಲಿ ಕೂರುವ ಗಂಡಸರು ಅವರು, ನನ್ನ ಮಗ, ಇನ್ನೂ ನಾಲ್ಕೈದು ಮುದುಕರು. ಹಾಗಾಗಿ ನಾನೂ ಪರದೆಯ ಈಚೆಗೇ ಕೂರುತ್ತೇನೆ, ಯಾರೂ ಏನೂ ಅನ್ನುವುದಿಲ್ಲ.

ಊರ ಬಾಗಿಲಿನಲ್ಲಿ ಕೂತಿರುವ ಬಂದೂಕಿನವರು ನಮ್ಮ ಸೀಮೆಯವರಲ್ಲ. ಟೆಹರಾನಿನ ಕಡೆಗೆ ಮುಖ ಮಾಡಿದವರು. ಅಂದು ಮೇಲೆ ಅಮೆರಿಕದ ವಿಮಾನ ಹಾರುತ್ತಿದ್ದಾಗ ಕೆಳಗೆ ನಡೆದು ಬಂದು ನಮ್ಮೂರನ್ನು ಬಿಡಿಸಿದವರು ಇವರೇ. ಬಿಡಿಸಿದವರು ಹೋಗಲಿಲ್ಲ, ಅಷ್ಟೇ. ಹೋದ ತಿಂಗಳು ಗೇಟಿನಲ್ಲಿ ಬರ್ಜಸ್‌ನ ಕೆನ್ನೆಗೆ ಹೊಡೆದರು. “ನಿಮ್ಮಪ್ಪ ಅಮೆರಿಕದೋರ ಕೂಲಿ ಅಲ್ವೇನೋ” ಅಂದರಂತೆ. ಬಂದು ಊಟ ಮಾಡಲಿಲ್ಲ. ಹದಿನೆಂಟು ವರ್ಷದ ಹುಡುಗ. ಈಗ ನಿಜವಾಗಿಯೂ ಮೀಸೆ ಬಂದಿದೆ.

ಕಳೆದ ಶುಕ್ರವಾರ ಅಮೆರಿಕದವರು ಬಂದರು. ಗಡಿಯಾಚೆ ಕುರ್ದರನ್ನು ಅವರ ಪಾಡಿಗೆ ಬಿಟ್ಟು ಈ ಕಡೆ ಬಂದವರು. ದಾರಿಯಲ್ಲಿ ಜನ ಅವರ ಗಾಡಿಗಳಿಗೆ ಆಲೂಗಡ್ಡೆ ಎಸೆದರಂತೆ. ಬಂದವನು ಚಿಕ್ಕ ವಯಸ್ಸಿನ ಅಧಿಕಾರಿ, ಮುಖದಲ್ಲಿ ಚುಕ್ಕೆ ಇಲ್ಲ, ನಡತೆ ಒಳ್ಳೆಯದು. ಜೊತೆಗೆ ಮಾತು ದಾಟಿಸುವ ಬಾಗ್ದಾದಿನ ಹುಡುಗ. ಅವನ ವಯಸ್ಸಿನಲ್ಲಿ ನೀನೂ ಹಾಗೇ ಇದ್ದೆ, ಎರಡೂ ಕಡೆಗೆ ಸರಿಯಾಗಿ ಕೇಳಿಸಲಿ ಎಂದು ಕತ್ತು ಚಾಚಿ ಕೂತಿದ್ದ.

ನಿನ್ನ ಭಾವನ ಜಾಗದಲ್ಲಿ ಬರ್ಜಸ್ ಕೂತಿದ್ದ. ಕಾಫಿ ಸುರಿದುಕೊಟ್ಟ. ಆ ಅಧಿಕಾರಿ ಬಟ್ಟಲನ್ನು ತೆಗೆದುಕೊಂಡು ಒಂದು ಕ್ಷಣ ಹಿಡಿದು, ಕುಡಿಯದೆ, ನನ್ನ ಮಗನ ಮುಂದೆ ಇಟ್ಟ.

ಯಾರೋ ಅವರಿಗೆ ಕಲಿಸಿ ಕಳಿಸಿದ್ದಾರೆ. ನಮ್ಮದು ಬೇರೇನನ್ನೂ ಕಲಿಯದಿದ್ದರೂ ಇದನ್ನು ಕಲಿಯುತ್ತಾರೆ.

ಗೇಟಿನವರ ಮೇಲೆ ಕಣ್ಣಿಡಲು ಊರಿನ ಹುಡುಗರು ಬೇಕಂತೆ. ನಾನು ಕೇಳಿದೆ, “ಇವರು ನಿಮ್ಮ ವಿಮಾನದ ನೆರಳಲ್ಲೇ ನಡೆದು ಬಂದೋರಲ್ವಾ?”

ಬಾಗ್ದಾದಿನ ಹುಡುಗ ದಾಟಿಸಿದ. ಅಧಿಕಾರಿ ನಾಚಿದ. “ಅವಾಗ ಬೇರೆ ಇತ್ತಮ್ಮ, ಈಗ ಬೇರೆ” ಅಂದ.

ದೊಡ್ಡಪ್ಪ ಮೂಲೆಯಿಂದ, “ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು. ಇವರಿಬ್ಬರಿಗೂ ಮದುವೆ ಮಾಡಿಸಿದ್ದು ಯಾರಪ್ಪಾ?” ಅಂದರು. ಅದನ್ನು ಹುಡುಗ ದಾಟಿಸಲಿಲ್ಲ.

ಬರ್ಜಸ್ ಬೆನ್ನು ನೆಟ್ಟಗೆ ಮಾಡಿಕೊಂಡ. ಬಾಯಿ ತೆರೆದ. ಅವನು ಯಾವ ಮಾತು ಆಡಲಿದ್ದಾನೆಂದು ನನಗೆ ಗೊತ್ತಿತ್ತು. ಎದ್ದು ಹೋಗಿ ಅತಿಥಿ ಇಟ್ಟಿದ್ದ ಬಟ್ಟಲನ್ನು ಎತ್ತಿಕೊಂಡೆ. ಬಾಗಿಲಿಗೆ ಹೋಗಿ ಕಾಫಿಯನ್ನು ಮಣ್ಣಿಗೆ ಚೆಲ್ಲಿದೆ. ಅದೇ ಬಟ್ಟಲನ್ನು ತೊಳೆದು ಮಡಕೆಯ ನೀರು ತುಂಬಿ ತಂದು ಅವನ ಕೈಗೆ ಕೊಟ್ಟೆ. “ಬಾಯಾರಿ ಹೋಗ್ಬೇಡ ಮಗಾ. ನೀರು ಕುಡಿ. ನೀರಿಗೆ ಯಾರೂ ಮಾತು ಕೊಡಬೇಕಿಲ್ಲ” ಅಂದೆ. ಅವನು ಎದ್ದು ನಿಂತು ಕುಡಿದ, ಥ್ಯಾಂಕ್ಸ್ ಹೇಳಿ ಹೋದ.

ಅವರ ಗಾಡಿಯ ಧೂಳು ಅಡಗುವ ಮೊದಲೇ ಬರ್ಜಸ್ ಕೂಗಾಡಿದ.

“ಅಪ್ಪನ ಚಾವಡೀಲಿ ಅತಿಥಿ ಕಾಫಿ ಚೆಲ್ಲಿದೆಯಲ್ಲಮ್ಮಾ! ಊರಿಗೆ ಹೇಗೆ ಮುಖ ತೋರಿಸ್ಲಿ?”

“ಮುಖ ಇದ್ರೆ ತಾನೇ ತೋರ್ಸೋದು? ನಿಮ್ಮಪ್ಪನ ಮುಖ ತೋರ್ಸು ನೋಡೋಣ!”

ಆಡಬಾರದ ಮಾತು ಆಡಿಬಿಟ್ಟೆ, ಗಾನಿಮ್. ಅಂದಿನಿಂದ ನನ್ನ ಜೊತೆ ಮಾತು ಬಿಟ್ಟಿದ್ದ.

ಇವತ್ತು ಮಧ್ಯಾಹ್ನ ಕುಟ್ಟಾಣಿಯ ಸದ್ದು ಕೇಳಿಸಿತು. ಒಡೆದ ಅಂಚಿನಿಂದ ಸದ್ದು ಬೇರೆಯಾಗಿದೆ, ಆದರೂ ಏಟಿನ ಹದ ಅವರಪ್ಪನದೇ. ಯಾರು ಕಲಿಸಿದರೋ, ನೋಡಿಯೇ ಕಲಿತಿರಬೇಕು. ಎರಡು ಬಟ್ಟಲು ತಂದ. ಒಂದನ್ನು ನನಗೆ ಕೊಟ್ಟ. ರಾಜಿಗೆ ಬಂದ ಎಂದು ನಾನು ಕುಡಿದುಬಿಟ್ಟೆ. ಅವನದನ್ನು ನನ್ನ ಮುಂದೆ ಚಾಪೆಯ ಮೇಲಿಟ್ಟ.

“ಅವರ ಜೊತೆ ಸೇರ್ತೀನಮ್ಮಾ. ಗೇಟಿನೋರ ಕೈಲಿ ದಿನಾ ಹೊಡೆಸ್ಕೊಂಡು ಬದುಕಕ್ಕಾಗಲ್ಲ. ಒಪ್ಪಿಗೆ ಕೊಡು.”

“ಅವರು ಹೋಗ್ಬಿಡ್ತಾರೆ ಕಣೋ.”

“ಗೊತ್ತು.”

“ಗೊತ್ತಿದ್ದೂ?”

“ಅಪ್ಪನಿಗೆ ಗೊತ್ತಿರಲಿಲ್ಲ. ನಂಗೆ ಗೊತ್ತು. ಅಷ್ಟೇ ವ್ಯತ್ಯಾಸ.”

ಪರದೇಶದವನ ಕಾಫಿಯನ್ನು ಮಣ್ಣಿಗೆ ಚೆಲ್ಲಲು ನಾನು ಹಿಂದೆಮುಂದೆ ನೋಡಲಿಲ್ಲ. ಇದನ್ನು ಚೆಲ್ಲಿದರೆ ಮಗ ಹೇಳದೆ ಕೇಳದೆ ಹೋಗುತ್ತಾನೆ. ‘ಕುಡಿ’ ಅಂದರೆ ಹೇಳಿ ಹೋಗುತ್ತಾನೆ. ಬಂದೂಕು ಹಿಡಿಸಬೇಡಿ ಎಂದು ನಿನ್ನ ಭಾವ ಬರೆದದ್ದನ್ನು ರವಿಕೆಯಿಂದ ತೆಗೆದು ತೋರಿಸಿದೆ. ಓದಿ, ಮಡಿಸಿ, ಕಣ್ಣಿಗೊತ್ತಿಕೊಂಡು ನನ್ನ ಕೈಗೇ ಕೊಟ್ಟ. ಬಟ್ಟಲನ್ನು ಮಾತ್ರ ತೆಗೆಯಲಿಲ್ಲ.

ಹೋಗು ಅನ್ನುವುದಕ್ಕೆ ಧೈರ್ಯ ಬೇಕು ಎಂದು ಅವರು ನಿನಗೆ ಬರೆದಿದ್ದರು. ಹೋಗಬೇಡ ಅನ್ನುವುದಕ್ಕೆ ಏನು ಬೇಕೆಂದು ಯಾರಿಗೂ ಬರೆದಿಡಲಿಲ್ಲ.

ನಾಳೆ ಉತ್ತರ ಹೇಳುತ್ತೇನೆಂದು ಒಂದು ರಾತ್ರಿ ಕೇಳಿಕೊಂಡಿದ್ದೇನೆ. ನಾಳೆಯೂ ಹಾಗೇ ಅನ್ನುತ್ತೇನೆ, ನಾಡಿದ್ದೂ. ಈ ಕಾಗದ ನಿನ್ನನ್ನು ಮುಟ್ಟುವವರೆಗೆ ಎಳೆಯುತ್ತೇನೆ. ಈ ಸಲ ಯಾರನ್ನೂ ಹುಡುಕಿಕೊಂಡು ಹೋಗಬೇಡ, ಯಾರ ಮಾತನ್ನೂ ದಾಟಿಸಬೇಡ. ನಿನ್ನ ಅಳಿಯನಿಗೆ ನಿನ್ನ ಸ್ವಂತ ಮಾತು ಬರೆ. ಅವನ ಕಾಫಿ ನನ್ನ ಮುಂದೆಯೇ ಇದೆ, ಆರಿಹೋಗಿದೆ. ಅವನು ಹೊಸಿಲ ಮೇಲೆ ಕೂತು ಗೇಟಿನ ಕಡೆ ನೋಡುತ್ತಿದ್ದಾನೆ.

ನಿನ್ನ ಅಕ್ಕ,
ನೌಫಾ